ವೇದಿಕಾ: ಹೆದರುವ ಹೆಂಡತಿಯಿಂದ ಹೆದರಿಸುವ ಯಕ್ಷಿಣಿಯವರೆಗೆ

ದಕ್ಷಿಣ ಭಾರತದ ಹಾರರ್ ಚಿತ್ರಗಳ ಪ್ರೇಕ್ಷಕರಿಗೆ ವೇದಿಕಾ ಪರಿಚಿತ ಮುಖ. ಮುಂಬೈನಲ್ಲಿ ಬೆಳೆದ ಈ ಕನ್ನಡತಿ ತಮಿಳು, ತೆಲುಗು, ಕನ್ನಡ, ಮಲಯಾಳಂ ಮತ್ತು ಹಿಂದಿ ಚಿತ್ರಗಳಲ್ಲಿ ನಟಿಸಿದ್ದಾರೆ. ಆದರೆ ಕನ್ನಡದಲ್ಲಿ ಅವರ ಹೆಸರು ಮನೆಮಾತಾಗಿದ್ದು 'ಶಿವಲಿಂಗ' ಎಂಬ ದೆವ್ವದ ಕಥೆಯಿಂದ.

ಆರಂಭ

ವೇದಿಕಾ ಚಿತ್ರರಂಗಕ್ಕೆ ಬಂದಿದ್ದು 2006ರಲ್ಲಿ, ಅರ್ಜುನ್ ಸರ್ಜಾ ನಿರ್ದೇಶಿಸಿ ನಟಿಸಿದ ತಮಿಳಿನ 'ಮದ್ರಾಸಿ' ಮೂಲಕ. ಮರುವರ್ಷವೇ ರಾಘವ ಲಾರೆನ್ಸ್ ಅವರ 'ಮುನಿ' ಸಿಕ್ಕಿತು. ನಂತರ 'ಕಾಂಚನಾ' ಸರಣಿಗೆ ದಾರಿ ಮಾಡಿಕೊಟ್ಟ ಚಿತ್ರವಿದು. ಇದರಲ್ಲಿ ದೆವ್ವ ಮೆಟ್ಟುವುದು ನಾಯಕನಿಗೆ. ವೇದಿಕಾ ಅವರದು ಗಂಡನ ವರ್ತನೆ ಕಂಡು ಗಾಬರಿಯಾಗುವ ಹೆಂಡತಿಯ ಪಾತ್ರ.

2008ರಲ್ಲಿ ಗಣೇಶ್ ಜೊತೆ 'ಸಂಗಮ' ಮೂಲಕ ಕನ್ನಡಕ್ಕೆ ಬಂದರೂ ಮುಂದಿನ ಕನ್ನಡ ಚಿತ್ರಕ್ಕೆ ಎಂಟು ವರ್ಷ ಹಿಡಿಯಿತು. ಈ ನಡುವೆ ಬಾಲಾ ನಿರ್ದೇಶನದ 'ಪರದೇಸಿ' (2013) ಅವರಿಗೆ ಗಂಭೀರ ನಟಿ ಎಂಬ ಹೆಸರು ತಂದಿತು. ಚಹಾ ತೋಟದ ಕೂಲಿಗಳ ಕಥೆಯ ಈ ಚಿತ್ರದಲ್ಲಿ ಅವರು ಮೇಕಪ್ಪಿನ ಹಂಗಿಲ್ಲದ ಹಳ್ಳಿ ಹುಡುಗಿ ಅಂಗಮ್ಮ. ವಸಂತಬಾಲನ್ ಅವರ 'ಕಾವಿಯ ತಲೈವನ್' (2014) ಚಿತ್ರದಲ್ಲಿ ರಂಗನಟಿಯಾಗಿ ಕಾಣಿಸಿಕೊಂಡರು.

'ಶಿವಲಿಂಗ' ಕೊಟ್ಟ ತಿರುವು

2016ರ ಫೆಬ್ರವರಿಯಲ್ಲಿ ಬಿಡುಗಡೆಯಾದ 'ಶಿವಲಿಂಗ'ದ ನಿರ್ದೇಶಕ ಪಿ. ವಾಸು. 'ಆಪ್ತಮಿತ್ರ' (2004) ಚಿತ್ರದಲ್ಲಿ ಸೌಂದರ್ಯ ಅವರನ್ನು ನಾಗವಲ್ಲಿಯಾಗಿಸಿದವರು ಇವರೇ. ಸೌಂದರ್ಯ ಅದೇ ವರ್ಷ ಏಪ್ರಿಲ್‌ನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. ಆ ಚಿತ್ರ ತೆರೆಕಂಡಿದ್ದು ಆಗಸ್ಟ್‌ನಲ್ಲಿ. ಹಾಗಾಗಿ ಕನ್ನಡದಲ್ಲಿ ಮೈಮೇಲೆ ಆತ್ಮ ಬಂದ ಹೆಣ್ಣಿನ ಪಾತ್ರ ಮಾಡುವ ಯಾವ ನಟಿಗೂ ನಾಗವಲ್ಲಿಯ ಹೋಲಿಕೆ ತಪ್ಪುವುದಿಲ್ಲ.

ಶಿವರಾಜ್‌ಕುಮಾರ್ ಇಲ್ಲಿ ಸಿಐಡಿ ಅಧಿಕಾರಿ, ವೇದಿಕಾ ಅವರ ಪತ್ನಿ ಸತ್ಯಭಾಮಾ. ರೈಲಿನಲ್ಲಿ ಕೊಲೆಯಾದ ರಹೀಮ್ ಎಂಬ ಯುವಕನ ಆತ್ಮ ಆಕೆಯ ಮೈಮೇಲೆ ಬರುತ್ತದೆ. ನಾಗವಲ್ಲಿ ನರ್ತಕಿಯಾದರೆ, ಇಲ್ಲಿ ಬರುವುದು ಗಂಡಸು. ನಡಿಗೆ, ನೋಟ, ಮಾತಿನ ಧಾಟಿ ಎಲ್ಲವೂ ಬದಲಾಗಬೇಕಿತ್ತು. ಹಾಡು ಮತ್ತು ಪ್ರಣಯಕ್ಕೆ ಸೀಮಿತವಾಗಬಹುದಾಗಿದ್ದ ನಾಯಕಿಗೆ ಕಥೆಯ ಭಾರ ಹೊರುವ ಅವಕಾಶ ಸಿಕ್ಕಿತು. ಚಿತ್ರ ಶತದಿನ ಕಂಡಿತು. 2017ರಲ್ಲಿ ವಾಸು ಇದನ್ನು ತಮಿಳಿನಲ್ಲಿ ಮಾಡಿದಾಗ ಆ ಪಾತ್ರ ರಿತಿಕಾ ಸಿಂಗ್ ಅವರ ಪಾಲಾಯಿತು.

ನಂತರದ ಹಾದಿ

2019ರಲ್ಲಿ ಲಾರೆನ್ಸ್ ಅವರ 'ಕಾಂಚನಾ 3' ಚಿತ್ರಕ್ಕೆ ವೇದಿಕಾ ಮರಳಿದರು. ಅಲ್ಲಿ ಮತ್ತೆ ದೆವ್ವ ಹಿಡಿಯುವುದು ನಾಯಕನಿಗೇ. ಅವರು ಮೂವರು ನಾಯಕಿಯರಲ್ಲಿ ಒಬ್ಬರು. ಅದೇ ವರ್ಷ ಜೀತು ಜೋಸೆಫ್ ನಿರ್ದೇಶನದ 'ದಿ ಬಾಡಿ' ಮೂಲಕ ಹಿಂದಿಗೆ ಹೋದರು. 2022ರಲ್ಲಿ ಉಪೇಂದ್ರ ಜೊತೆ 'ಹೋಮ್ ಮಿನಿಸ್ಟರ್' ಬಂತು.

2024ರ ತೆಲುಗು ವೆಬ್ ಸರಣಿ 'ಯಕ್ಷಿಣಿ'ಯಲ್ಲಿ ವೇದಿಕಾ ಅವರದೇ ಶೀರ್ಷಿಕೆ ಪಾತ್ರ. ಅಲಕಾಪುರಿಯಿಂದ ಹೊರಹಾಕಲ್ಪಟ್ಟು, ಮರಳಿ ಹೋಗಲು ನೂರು ಗಂಡಸರನ್ನು ಕೊಲ್ಲಬೇಕಾದವಳ ಕಥೆಯಿದು. 'ಮುನಿ'ಯಲ್ಲಿ ದೆವ್ವ ಗಂಡನ ಮೈಮೇಲಿತ್ತು, 'ಶಿವಲಿಂಗ'ದಲ್ಲಿ ಅವರ ಮೈಮೇಲೆ ಬಂತು, 'ಯಕ್ಷಿಣಿ'ಯಲ್ಲಿ ಭಯ ಹುಟ್ಟಿಸುವ ಶಕ್ತಿ ಸ್ವತಃ ಅವರೇ. ಹಾರರ್ ಲೋಕದಲ್ಲಿ ಇಷ್ಟು ದೂರ ಕ್ರಮಿಸಲು ವೇದಿಕಾ ಅವರಿಗೆ ಹಿಡಿದದ್ದು ಹದಿನೇಳು ವರ್ಷ.