ಅಜ್ಜಿಯ ಕುಂಡದಲ್ಲಿ ಕೇಪ್‌ನ ಗಿಡ: ಜೆರೇನಿಯಂ ಎಂಬ ತಪ್ಪು ಹೆಸರಿನ ಕಥೆ

ಇವತ್ತಿನ ಕಂತು ಶುರುವಾಗೋದು ನಾನೇ ಕೈಯಾರೆ ಸಾಯಿಸಿದ ಒಂದು ಗಿಡದಿಂದ.

ನಮ್ಮ ಮನೆ ಇರೋದು ಚಾಮುಂಡಿ ಬೆಟ್ಟದ ಬುಡದಲ್ಲಿ. ತಾರಸಿ ಹತ್ತಿದರೆ ಬೆಟ್ಟದ ಬಂಡೆಗಳು ಎದುರಿಗೇ ಕಾಣುತ್ತವೆ. ಅಲ್ಲಿ ಸಜ್ಜಾ ಕೆಳಗೆ ಅಜ್ಜಿ ಒಂದು ಕೆಂಪು ಜೆರೇನಿಯಂ ಇಟ್ಟಿದ್ರು. ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು ಹಾಕೋರು. ಅಜ್ಜಿ ಹೋದ ಮೇಲೆ ಗಿಡ ನನ್ನ ಪಾಲಿಗೆ ಬಂತು. ನಾನು ದಿನಾ ಎರಡು ಹೊತ್ತು ನೀರು ಸುರಿದೆ. ಮಳೆ ಬಂದಾಗ ಕುಂಡವನ್ನು ಬಯಲಿಗಿಟ್ಟೆ. ಕಾಂಡದ ಬುಡ ಕಪ್ಪಾಗಿ ಕೊಳೆಯಿತು. ಉಳಿದದ್ದು ತುದಿಯ ಒಂದೇ ಚಿಗುರು.

ಎಲ್ಲಿ ತಪ್ಪಿದೆ ಅಂತ ಹುಡುಕುತ್ತಾ ಹೋದರೆ ಸಿಕ್ಕಿದ್ದು ಸುಮಾರು ನಾನೂರು ವರ್ಷದ ಚರಿತ್ರೆ.

ನಾವು ಜೆರೇನಿಯಂ ಅನ್ನೋ ಕುಂಡದ ಗಿಡ ಇಂಗ್ಲೆಂಡಿನದಲ್ಲ, ದಕ್ಷಿಣ ಆಫ್ರಿಕಾದ್ದು. ಮೆಣಸು, ಮಸಾಲೆಗಾಗಿ ನಮ್ಮ ಕಡೆ ಬರುತ್ತಿದ್ದ ಹಡಗುಗಳು ದಾರಿಯಲ್ಲಿ ಕೇಪ್‌ನಲ್ಲಿ ನಿಲ್ಲುತ್ತಿದ್ದವು. ವಾಪಸ್ ಹೋಗುವಾಗ ಅಲ್ಲಿನ ಗಿಡಗಳನ್ನೂ ಯೂರೋಪಿಗೆ ಒಯ್ದವು. 1631ರಲ್ಲಿ ಜಾನ್ ಟ್ರೇಡ್‌ಸ್ಕಂಟ್ ಎಂಬ ಇಂಗ್ಲಿಷ್ ತೋಟಗಾರ ಪ್ಯಾರಿಸ್‌ನಿಂದ ಇದರ ಒಂದು ಜಾತಿಯನ್ನು ತರಿಸಿಕೊಂಡ. ಹಗಲು ನೋಡಿದರೆ ಸಪ್ಪೆ ಹೂ, ರಾತ್ರಿಯಾದರೆ ಘಮಘಮ. ನಮ್ಮ ರಾತ್ರಿರಾಣಿ ಥರ.

1753ರಲ್ಲಿ ಲಿನೇಯಸ್ ಇವನ್ನೂ ಜೆರೇನಿಯಂ ಗುಂಪಿಗೇ ಸೇರಿಸಿದ. ಕೊಕ್ಕರೆ ಕೊಕ್ಕಿನಂಥ ಕಾಯಿ ಎರಡಕ್ಕೂ ಇತ್ತಲ್ಲ! 1772ರಲ್ಲಿ ಲಂಡನ್ನಿನ ಕ್ಯೂ ತೋಟದವರು ಗಿಡ ಸಂಗ್ರಹಿಸಲು ಫ್ರಾನ್ಸಿಸ್ ಮ್ಯಾಸನ್‌ನನ್ನು ಕೇಪ್‌ಗೆ ಕಳಿಸಿದರು. 1789ರಲ್ಲಿ ಕ್ಯೂ ತೋಟದ ಸಸ್ಯಪಟ್ಟಿಯಲ್ಲೇ ಈ ಗಿಡಗಳಿಗೆ ಪೆಲಾರ್ಗೋನಿಯಂ ಎಂಬ ಬೇರೆ ಹೆಸರು ಬಂತು. ಅಷ್ಟೊತ್ತಿಗೆ ಹಳೇ ಹೆಸರು ಜನರ ಬಾಯಲ್ಲಿ ಕೂತಾಗಿತ್ತು.

ಕ್ಯೂಗೂ ನಮಗೂ ಏನು ಸಂಬಂಧ ಅಂತೀರಾ? ಅಲ್ಲಿ ಪಳಗಿದ ಜಾನ್ ಕ್ಯಾಮರಾನ್ 1874ರಲ್ಲಿ ಲಾಲ್‌ಬಾಗ್‌ಗೆ ಬಂದರು. 1908ರಲ್ಲಿ ಆ ಜಾಗಕ್ಕೆ ಬಂದ ಜರ್ಮನಿಯ ಕ್ರುಂಬಿಗಲ್ ಕೂಡ ಕ್ಯೂನಲ್ಲಿ ಕೆಲಸ ಮಾಡಿದವರೇ. ಮುಂದೆ ಬೃಂದಾವನ ಉದ್ಯಾನದ ಕೆಲಸದಲ್ಲೂ ಅವರ ಕೈ ಇತ್ತು. ಮೈಸೂರು ಸಂಸ್ಥಾನದ ತೋಟಗಾರಿಕೆಯ ರುಚಿ ಹೀಗೆ ಕ್ಯೂ ನೆರಳಲ್ಲೇ ಬೆಳೆಯಿತು. ಕುಂಡದ ಜೆರೇನಿಯಂ ನೋಡಿದಾಗ ನನಗೂ ಇಂಗ್ಲಿಷರ ಬಂಗಲೆ, ಚಳಿ, ತಂಪು ಮಣ್ಣು ಇವೇ ನೆನಪಾಗುತ್ತಿದ್ದವು. ನೀರು ಸುರಿದದ್ದು ಅದಕ್ಕೇ.

ನಿಜ ಏನಪ್ಪಾ ಅಂದ್ರೆ, ಇದರ ಪೂರ್ವಜರು ಕಲ್ಲುಗುಡ್ಡದ ಇಳಿಜಾರಲ್ಲಿ ಬೆಳೆದವು. ದಪ್ಪ ಕಾಂಡ ನೀರು ಕೂಡಿಟ್ಟುಕೊಳ್ಳುತ್ತೆ, ಬೇರಿಗೆ ಗಾಳಿ ಬೇಕು. ಹಾಗಾಗಿ ತಳದಲ್ಲಿ ತೂತಿರೋ ಮಣ್ಣಿನ ಕುಂಡ, ಮರಳು ಬೆರೆಸಿದ ಮಣ್ಣು, ಬೆಳಗಿನ ಬಿಸಿಲು, ಮಳೆಯಲ್ಲಿ ಸಜ್ಜಾ. ಬೆರಳಿಟ್ಟು ನೋಡಿ, ಒಂದಂಗುಲ ಆಳ ಒಣಗಿದ್ದರೆ ಮಾತ್ರ ನೀರು. ಬಾಡಿದ ಹೂಗೊಂಚಲನ್ನು ತೊಟ್ಟಿನ ಸಮೇತ ಮುರಿದರೆ ಹೊಸ ಮೊಗ್ಗು ಬರುತ್ತೆ.

ಆ ಚಿಗುರಿದೆಯಲ್ಲ, ಅದನ್ನು ಗಿಣ್ಣಿನ ಕೆಳಗೆ ಕತ್ತರಿಸಿ, ತಳದ ಎಲೆ ತೆಗೆದು, ಒಂದು ದಿನ ನೆರಳಲ್ಲಿ ಒಣಗಲು ಬಿಟ್ಟೆ. ಆಮೇಲೆ ಮರಳಲ್ಲಿ ನೆಟ್ಟೆ. ಪ್ಲಾಸ್ಟಿಕ್ ಮುಚ್ಚಲಿಲ್ಲ, ಮುಚ್ಚಿದ್ದರೆ ಮತ್ತೆ ಕೊಳೆಯುತ್ತಿತ್ತು. ಮೊನ್ನೆ ಮೆಲ್ಲಗೆ ಎಳೆದು ನೋಡಿದೆ, ಗಟ್ಟಿಯಾಗಿ ಹಿಡಿದುಕೊಂಡಿತ್ತು. ಬೇರು ಬಿಟ್ಟಿದೆ.

ಅಜ್ಜಿಗೆ ಕೇಪ್ ಗೊತ್ತಿರಲಿಲ್ಲ, ಕ್ಯೂನೂ ಗೊತ್ತಿರಲಿಲ್ಲ. ಆದ್ರೆ ಮಣ್ಣು ಮುಟ್ಟಿ ನೋಡೋದು ಗೊತ್ತಿತ್ತು. ನಿಮ್ಮ ಮನೆಯಲ್ಲೂ ಹಿರಿಯರು ಬೆಳೆಸಿದ ಗಿಡ ಇದ್ದರೆ, ನೀರು ಹಾಕೋ ಮುಂಚೆ ಒಂದು ಮಾತು ಅವರನ್ನ ಕೇಳಿ. ಮುಂದಿನ ಕಂತಲ್ಲಿ ಸಿಗೋಣ.