ಲಿವಿಂಗ್‌ಸ್ಟನ್ ಗೇಣಿ ಪತ್ರ: ಬೆಲೆ ಯಾವ ಸಹಿಗೆ?

ನನ್ನ ಹತ್ತಿರ ಒಂದು ಹಳೇ ಗೇಣಿ ಪತ್ರ ಇದೆ. ನ್ಯೂಯಾರ್ಕ್ ರಾಜ್ಯದ ಹಡ್ಸನ್ ಕಣಿವೆಯದ್ದು. ಅಚ್ಚಾದ ಫಾರಂ, ಖಾಲಿ ಜಾಗದಲ್ಲಿ ಕೈಬರಹ, ಕೆಳಗೆ ಕೆಂಪು ಅರಗಿನ ಮುದ್ರೆ, ಪಕ್ಕದಲ್ಲಿ ರಾಬರ್ಟ್ ಆರ್. ಲಿವಿಂಗ್‌ಸ್ಟನ್ ಸಹಿ. ಮಾರಿದವರು ಹೊಗಳಿದ್ದು ಆ ಸಹಿಯನ್ನಷ್ಟೇ. 1789ರಲ್ಲಿ ಜಾರ್ಜ್ ವಾಷಿಂಗ್ಟನ್‌ಗೆ ಪ್ರಮಾಣವಚನ ಬೋಧಿಸಿದ್ದು, 1803ರಲ್ಲಿ ಫ್ರಾನ್ಸ್‌ನಿಂದ ಲೂಸಿಯಾನಾ ಕೊಳ್ಳುವ ಮಾತುಕತೆ ನಡೆಸಿದ್ದು ಇದೇ ಮನುಷ್ಯ. ಸಂಗ್ರಾಹಕರು ದುಡ್ಡು ಸುರಿಯೋದೂ ಅದಕ್ಕೇ.

ಮೊದಲು ಯಾವ ರಾಬರ್ಟ್ ಅನ್ನೋದು ತಿಳಿಯಬೇಕು. ಈ ವಂಶದಲ್ಲಿ ರಾಬರ್ಟ್‌ಗಳಿಗೆ ಬರವೇ ಇಲ್ಲ. ಮೂಲಪುರುಷ ರಾಬರ್ಟ್ (1654–1728), ಅವನ ಮಗ ಕ್ಲೆರ್ಮಾಂಟ್‌ನ ರಾಬರ್ಟ್, ಮೊಮ್ಮಗ ನ್ಯಾಯಾಧೀಶ ರಾಬರ್ಟ್ ಆರ್., ಮರಿಮಗ ಛಾನ್ಸಲರ್ ರಾಬರ್ಟ್ ಆರ್. (1746–1813). ಕೊನೆಯ ಇಬ್ಬರು, ಅಪ್ಪ-ಮಗ, ಒಂದೇ ಹೆಸರಿನವರು. ಅಪ್ಪ ತೀರಿಕೊಂಡದ್ದು 1775ರಲ್ಲಿ. ಹಾಗಾಗಿ ಪತ್ರದ ತಾರೀಖು ನೋಡದೆ ಕೈಹಾಕಬೇಡಿ.

ಇಂಥ ಪತ್ರಗಳನ್ನು ಇಂಡೆಂಚರ್ ಅಂತಾರೆ. ಹಿಂದೆ ಒಂದೇ ಹಾಳೆಯಲ್ಲಿ ಒಪ್ಪಂದವನ್ನು ಎರಡು ಸಲ ಬರೆದು, ನಡುವೆ ಅಂಕುಡೊಂಕಾಗಿ ಕತ್ತರಿಸಿ ಇಬ್ಬರಿಗೂ ಹಂಚುತ್ತಿದ್ದರು. ತಕರಾರು ಬಂದರೆ ಅಂಚುಗಳನ್ನು ಜೋಡಿಸಿ ನೋಡೋದು. ಸಾಮಾನ್ಯವಾಗಿ ಒಡೆಯನ ಸಹಿ ಇರುವ ಪ್ರತಿ ಗೇಣಿದಾರನ ಕೈಗೆ, ಗೇಣಿದಾರನ ಸಹಿ ಇರುವ ಪ್ರತಿ ಒಡೆಯನ ಕಚೇರಿಗೆ. ಅಂದ್ರೆ ಇವತ್ತು ಮಾರಾಟಕ್ಕೆ ಬರುವ 'ಲಿವಿಂಗ್‌ಸ್ಟನ್ ಸಹಿ' ಎಷ್ಟೋ ಸಲ ಯಾವುದೋ ರೈತನ ಪೆಟ್ಟಿಗೆಯಲ್ಲಿ ಕಾಪಾಡಿಟ್ಟ ಕಾಗದ. ಆ ಹೊಲದಲ್ಲಿ ಉಳಿಯೋಕೆ ಅವನಿಗಿದ್ದ ಆಧಾರ ಅದೊಂದೇ.

ಒಳಗಿನ ಸಾಲು ಓದಿ. ಗೇಣಿ ಗೋಧಿಯಲ್ಲಿ. ಜೊತೆಗೆ ವರ್ಷಕ್ಕಿಷ್ಟು ಕೊಬ್ಬಿದ ಕೋಳಿ, ಗಾಡಿ ಕಟ್ಟಿಕೊಂಡು ಬಂದು ಒಡೆಯನಿಗೆ ಒಂದೆರಡು ದಿನ ಬಿಟ್ಟಿ ಕೆಲಸ. ಅವಧಿ ವರ್ಷಗಳಲ್ಲಿ ಅಲ್ಲ, ಜೀವಗಳಲ್ಲಿ: ಎರಡು ಅಥವಾ ಮೂರು ಜನರ ಹೆಸರು ಬರೆದಿರುತ್ತಾರೆ, ಅವರಲ್ಲಿ ಕೊನೆಯವರು ಸತ್ತ ದಿನ ಗೇಣಿ ಮುಗೀತು. ಅದಕ್ಕೇ ಮನೆಯ ಸಣ್ಣ ಮಗುವಿನ ಹೆಸರು ಬರೆಸೋರು. ಆ ಮಗುವಿಗೆ ಜ್ವರ ಬಂದರೆ ಮನೆಯವರಿಗೆ ಹೊಲದ ಚಿಂತೆಯೂ ಜೊತೆಗೇ. ಕೊಳಗದ ಅಳತೆಗಾಗಿ 1951ರಲ್ಲಿ ಕಾಗೋಡಿನಲ್ಲಿ ಎದ್ದ ಹೋರಾಟ ಗೊತ್ತಿರುವ ನಮಗೆ ಈ ಸಾಲುಗಳು ಹೊಸದಾಗಿ ಕಾಣೋದಿಲ್ಲ.

ಇನ್ನು ಒಡೆತನದ ಮೂಲ. ಮೂಲಪುರುಷ ರಾಬರ್ಟ್ 1680ರ ದಶಕದಲ್ಲಿ ಮೋಹಿಕನ್ ಜನರಿಂದ ಕೊಂಡದ್ದು ಎರಡು ಬೇರೆಬೇರೆ ತುಂಡು, 2,000 ಎಕರೆ ಮತ್ತು 600 ಎಕರೆ. ಅವೆರಡೂ ಒಂದಕ್ಕೊಂದು ಅಂಟಿಕೊಂಡಿವೆ ಎಂಬಂತೆ ಗವರ್ನರ್ ಡಾಂಗನ್‌ನಿಂದ 1686ರಲ್ಲಿ ಸನ್ನದು ಬರೆಸಿಕೊಂಡ. 2,600 ಎಕರೆ ಸುಮಾರು 1,60,000 ಎಕರೆ ಆಯ್ತು! 1795ರಲ್ಲಿ ಒಕ್ಕಲುಗಳು ಇದೇ ಲೆಕ್ಕ ಮುಂದಿಟ್ಟು ಶಾಸನಸಭೆಗೆ ಅರ್ಜಿ ಕೊಟ್ಟರು. ಸಭೆ ತಳ್ಳಿಹಾಕಿತು. 1844ರ ಡಿಸೆಂಬರ್‌ನಲ್ಲಿ, ಅದೇ ಜಮೀನ್ದಾರಿಯೊಳಗಿನ ಕೊಪೇಕ್ ಊರಲ್ಲಿ, ವೇಷ ಹಾಕಿಕೊಂಡ ಒಕ್ಕಲುಗಳು ಶೆರಿಫ್ ಕೈಯಿಂದ ಕಾಗದಗಳನ್ನು ಕಿತ್ತುಕೊಂಡು ಸುಟ್ಟರು. ಮುಂದಾಳು ಸ್ಮಿತ್ ಬೌಟನ್‌ಗೆ ಜೀವಾವಧಿ ಶಿಕ್ಷೆಯಾಯಿತು, 1847ರಲ್ಲಿ ಕ್ಷಮಾದಾನ ಸಿಕ್ಕಿತು. ಅಷ್ಟರಲ್ಲಿ 1846ರ ರಾಜ್ಯ ಸಂವಿಧಾನ ಹೊಸ ಕೃಷಿ ಗೇಣಿಯನ್ನು 12 ವರ್ಷಕ್ಕೆ ಮಿತಿಗೊಳಿಸಿತ್ತು.

ಕೊಳ್ಳೋರಿಗೆ ಒಂದೆರಡು ಮಾತು. ಗುಮಾಸ್ತ ನಕಲು ಮಾಡಿದ ಪತ್ರದಲ್ಲಿ ಸಹಿಯೂ ಗುಮಾಸ್ತನದ್ದೇ. ಮೈಬರಹದ ಶಾಯಿ, ಕೈ ಎರಡನ್ನೂ ಸಹಿಯ ಜೊತೆ ಹೋಲಿಸಿ. ಹಿಂಬದಿಯ ಟಿಪ್ಪಣಿಯಲ್ಲಿ ಹೊಲದ ಗುರುತು, ಗೇಣಿ ಸಂದಾಯದ ಲೆಕ್ಕ ಸಿಗಬಹುದು. ಫ್ರೇಮ್ ಹಾಕಿಸುವಾಗ ಮೊದಲು ಮರೆಯಾಗೋದು ಇದೇ. ಹೋಲಿಸಿ ನೋಡೋಕೆ ನ್ಯೂಯಾರ್ಕ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ ಛಾನ್ಸಲರ್‌ನ ಕಾಗದಪತ್ರಗಳಿವೆ. ಹೈಡ್ ಪಾರ್ಕಿನ ರೂಸ್‌ವೆಲ್ಟ್ ಗ್ರಂಥಾಲಯದಲ್ಲೂ ಈ ಕುಟುಂಬದ ಸಂಗ್ರಹ ಇದೆ.

ನನ್ನ ಪತ್ರದ ಎಡಕ್ಕೆ ಒಂದು ಗೀಟಿನ ಗುರುತಿದೆ, ಎಕ್ಸ್ ಆಕಾರದ್ದು. ಅದರ ಸುತ್ತ ಬೇರೆಯವರು ಬರೆದ ಅವನ ಹೆಸರು. ಮಾರಿದವರ ವಿವರಣೆಯಲ್ಲಿ ಆ ಹೆಸರು ಇರಲೇ ಇಲ್ಲ. ಪತ್ರದ ಎರಡೂ ಬದಿ ಸ್ಕ್ಯಾನ್ ಮಾಡಿ, ಅವನ ಹೆಸರನ್ನೇ ಮೊದಲು ಬರೆದು ಇಟ್ಟುಕೊಂಡಿದ್ದೇನೆ.