ಮುದ್ದೆ ತೊಳಸಲು ಬಾರದ ಒಲೆ

ಚಿತ್ರದುರ್ಗದ ಅಡುಗೆಮನೆಗಳ ಚರಿತ್ರೆ ಬರೆಯುವವರು ಕೋಟೆಯಿಂದ ಶುರು ಮಾಡಬಾರದು, ಜೋಗಿಮಟ್ಟಿ ಗುಡ್ಡದ ಕಾಡಿನಿಂದ ಶುರು ಮಾಡಬೇಕು. ಕೋಟೆಯ ಮದ್ದು ಬೀಸುವ ಕಲ್ಲುಗಳ ಮುಂದೆ ಜನ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಇದ್ದಿಲಿಲ್ಲದೆ ಮದ್ದಿಲ್ಲ, ಆ ಇದ್ದಿಲು ಯಾವ ಮರದ್ದು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಪೇಟೆಯ ಒಲೆಗಳ ಕಥೆಯೂ ಅಷ್ಟೆ. ನಾನು ಹುಡುಗಿಯಾಗಿದ್ದಾಗ ಕಾಡಂಚಿನ ಹಟ್ಟಿಗಳ ಹೆಂಗಸರು ಹೊತ್ತು ಮೂಡುವ ಮುಂಚೆಯೇ ಸೌದೆ ಹೊರೆ ಹೊತ್ತು ಬರುತ್ತಿದ್ದರು. ನಮ್ಮಜ್ಜಿ ಕಟ್ಟಿನೊಳಗೆ ಕೈ ತೂರಿಸಿ ನೋಡಿ, "ಹಸೀದು ತಂದಿದ್ದೀಯಲ್ಲೇ, ಊದಿ ಊದಿ ಕಣ್ ಕಳ್ಕಳಾಳು ನಾನು" ಎಂದು ಬೈದೇ ದುಡ್ಡು ಕೊಡುತ್ತಿದ್ದಳು. ಆ ಕಾಡು 2015ರಲ್ಲಿ ವನ್ಯಜೀವಿ ಧಾಮವಾಯಿತು. ಈಗ ಅಲ್ಲಿಂದ ಸೌದೆ ತರುವ ಮಾತೇ ಇಲ್ಲ.

ನಾನು ಗ್ರಾಮಸೇವಕಿಯಾಗಿದ್ದವಳು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಜನರ ಅಡುಗೆಮನೆಯೊಳಗೆ ಹೋಗುವುದೇ ನನ್ನ ನೌಕರಿಯಾಗಿತ್ತು. ಹಾಗಾಗಿ ಒಲೆಯ ಮಾತು ಬಂದರೆ ಸುಮ್ಮನಿರಲಾರೆ.

ಈ ಸೀಮೆಯ ಹಳೆಯ ಮಾಳಿಗೆ ಮನೆಯಲ್ಲಿ ಒಲೆ ಯಾವಾಗಲೂ ಗೋಡೆಗೆ ಅಂಟಿಕೊಂಡೇ ಇರುತ್ತಿತ್ತು. ಮಣ್ಣಿನ ದಪ್ಪ ಗೋಡೆ, ಅದರ ಬುಡದಲ್ಲಿ ಮಣ್ಣಿನ ಒಲೆ, ಪಕ್ಕಕ್ಕೊಂದು ಕೋಡೊಲೆ. ದೊಡ್ಡ ಒಲೆಯ ಮೇಲೆ ಮುದ್ದೆಯ ಎಸರು ಕುದಿಯುವಾಗ ಅದರ ಮಿಕ್ಕ ಉರಿಯಲ್ಲೇ ಕೋಡೊಲೆಯ ಸಾರು ಬೇಯುತ್ತಿತ್ತು. ಹೊಗೆಗೆ ದಾರಿ ಮಾಳಿಗೆಯ ಗವಾಕ್ಷಿ. ಮಳೆ ಬಂದರೆ ಅದಕ್ಕೂ ಮುಚ್ಚಳ ಬೀಳುತ್ತಿತ್ತು, ಹೊಗೆಯೆಲ್ಲ ಒಳಗೇ. ಮಾಳಿಗೆ ಮನೆಗೆ ಬೆಂಕಿ ಬೀಳುವುದು ಅಪರೂಪ. ಹೊಸದುರ್ಗ, ಹಿರಿಯೂರಿನ ತೋಟದ ಕಡೆಯ ಸೋಗೆ ಗುಡಿಸಲುಗಳಲ್ಲಿ ಮಾತ್ರ ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟ ಸೌದೆಗೇ ಕಿಡಿ ಹಾರಿ ಸೂರು ಹತ್ತಿಕೊಳ್ಳುತ್ತಿತ್ತು.

ಒಲೆ ಎನ್ನುವುದನ್ನು ವಿಜ್ಞಾನಿಗಳು ಲೆಕ್ಕಕ್ಕೆ ತೆಗೆದುಕೊಂಡದ್ದು ಬಹಳ ತಡವಾಗಿ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ಅವರ ತಂಡ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಕೂತು ಯಾರು ಎಷ್ಟು ಸೌದೆ ತರುತ್ತಾರೆ, ಎಷ್ಟು ಸುಡುತ್ತಾರೆ ಎಂದು ತೂಗಿ ಬರೆದುಕೊಂಡಿತು. ಹಳ್ಳಿಯ ಶಕ್ತಿಯಲ್ಲಿ ಬಹುಪಾಲು ಸೌದೆಯದು, ಅದರಲ್ಲಿ ಬಹುಪಾಲು ಒಲೆಗೇ ಹೋಗುತ್ತದೆ ಎಂದು ಗೊತ್ತಾದ ಮೇಲೆ, 80ರ ದಶಕದ ಆರಂಭದಲ್ಲಿ ಬಂದದ್ದು ಅಸ್ತ್ರ ಒಲೆ. ಸಾಲಾಗಿ ಮೂರು ಪಾತ್ರೆಗಳ ಕುಳಿ, ಕೆಳಗೆ ಕಬ್ಬಿಣದ ಜಾಲರಿ, ಬಾಯಿಗೆ ಮುಚ್ಚಳ, ಕೊನೆಗೆ ಸೂರಿನಾಚೆಗೆ ಹೋಗುವ ಹೊಗೆ ಕೊಳವೆ. ಹಳೆಯ ಒಲೆ ಸೌದೆಯ ಕಾವಿನಲ್ಲಿ ಹತ್ತರಲ್ಲೊಂದು ಪಾಲು ಪಾತ್ರೆಗೆ ಮುಟ್ಟಿಸುತ್ತಿದ್ದರೆ, ಇದು ಪ್ರಯೋಗಾಲಯದಲ್ಲಿ ಶೇ 40 ದಾಟುತ್ತಿತ್ತು.

ಅದು ನಿಜಕ್ಕೂ ಒಳ್ಳೆಯ ಒಲೆ. ಪಾತ್ರೆ ಕುಳಿಯೊಳಗೆ ಇಳಿದು ಕೂರುತ್ತಿದ್ದುದರಿಂದ ಮುದ್ದೆ ತೊಳಸುವಾಗ ಅಲುಗುತ್ತಿರಲಿಲ್ಲ. ಇದನ್ನು ಸಣ್ಣ ವಿಷಯ ಎಂದುಕೊಳ್ಳಬೇಡಿ. ಹತ್ತು ಜನರ ಮುದ್ದೆಯನ್ನು ಕೋಲು ಹಾಕಿ ತೊಳಸುವವಳ ಭುಜದ ಬಲವೆಲ್ಲ ಒಲೆಯ ಮೇಲೆ ಬೀಳುತ್ತದೆ. ಹಿಟ್ಟಿನಲ್ಲಿ ಗಂಟು ಉಳಿಯಬಾರದು, ಪಾತ್ರೆ ತಿರುಗಬಾರದು, ಕೆಂಡ ಆರಬಾರದು. ಕವೆಕೋಲು ಒತ್ತಿ ಹಿಡಿದು ತೊಳಸುವ ಈ ಕೆಲಸವೇ ನಮ್ಮ ಕಡೆ ಯಾವ ಒಲೆಗಾದರೂ ಕೊನೆಯ ಪರೀಕ್ಷೆ.

ಆದರೂ ಆ ಒಲೆಗಳು ಉಳಿಯಲಿಲ್ಲ. 1983ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ತಂದಿತು, ಮೇಲಿನಿಂದ ಗುರಿ ಬಂತು, ಇಷ್ಟು ಒಲೆ ಇಷ್ಟು ತಿಂಗಳಲ್ಲಿ. ಕುಳಿಯ ಅಳತೆ ಎರಡು ಬೆರಳು ಹೆಚ್ಚುಕಡಿಮೆಯಾದರೂ ಒಲೆ ಕೆಟ್ಟಂತೆ, ಅದನ್ನು ಬಲ್ಲ ಕೈಗಳು ಕಡಿಮೆ ಇದ್ದವು. ಕೊಳವೆಯೊಳಗೆ ಮಸಿ ಕಟ್ಟಿದಾಗ ತೆಗೆಯುವವರು ಯಾರು ಎಂಬುದು ಯಾವ ಕಡತದಲ್ಲೂ ಇರಲಿಲ್ಲ. ಹೊಳಲ್ಕೆರೆ ಕಡೆಯ ಒಬ್ಬ ಅಜ್ಜಿ ನನ್ನನ್ನು ತಡೆದು ಕೇಳಿದ್ದಳು: "ಅಲ್ಲ ತಾಯೀ, ತೊಗರಿ ಕಡ್ಡಿ, ಜಾಲಿ ಕೊನೆ, ಬೆರಣಿ, ಕೈಗೆ ಸಿಕ್ಕಿದ್ದು ಒಟ್ಟೋರು ನಾವು. ನಿಮ್ ಒಲೆಗೆ ಗೇಣುದ್ದ ಕಡಿದು ಕೊಡಾಕೆ ಯಾರನ್ ಕೂಲಿಗ್ ಕರೀಲಿ?" ಈ ಪ್ರಶ್ನೆಗೆ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. 2002ರಲ್ಲಿ ಕಾರ್ಯಕ್ರಮವೇ ನಿಂತಿತು.

ಜೋಗಿಮಟ್ಟಿ ಸಾಲಿನ ಊರುಗಳಲ್ಲಿ ಇನ್ನೊಂದು ಶತ್ರು ಇತ್ತು: ಗಾಳಿ. ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು ನಿಲ್ಲುವುದಕ್ಕೆ ಬಹಳ ಮುಂಚೆಯೇ ಈ ಗಾಳಿ ಹೆಂಗಸರಿಗೆ ಗೊತ್ತಿತ್ತು. ಆಷಾಢದಲ್ಲಿ ಪಡುವಣ ಗಾಳಿ ಬೀಸತೊಡಗಿದರೆ ಕೊಳವೆಯ ಬಾಯಿಗೆ ಒತ್ತಿ, ಹೊಗೆ ಬಂದ ದಾರಿಯಲ್ಲೇ ಒಳಗೆ ತಿರುಗುತ್ತಿತ್ತು. ಮಾಳಿಗೆಗಿಂತ ಎತ್ತರಕ್ಕೆ ಕೊಳವೆ ಏರಿಸಿ ಟೋಪಿ ಹಾಕಿದ ಮನೆಗಳು ಮಾತ್ರ ಪಾರಾದವು. ಉಳಿದವರು ಕೊಳವೆ ಕಿತ್ತು ಹಿತ್ತಲಲ್ಲಿ ಇಟ್ಟರು.

ಸೌದೆಗೆ ಬದಲಾಗಿ ಬಂದ ಇನ್ನೊಂದು ಉರುವಲು ಪೆಲೆಟ್. ಮರದ ಪುಡಿಯನ್ನೋ ಶೇಂಗಾ ಹೊಟ್ಟನ್ನೋ ಒತ್ತಡದಲ್ಲಿ ಅಚ್ಚಿಗೆ ತೂರಿಸಿದರೆ ಬರುವ ಬೆರಳುಗಾತ್ರದ ತುಂಡುಗಳು ಇವು. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದ ವಾಯವ್ಯ ಭಾಗದ ಮರದ ಮಿಲ್ಲುಗಳ ಸೀಮೆಯಲ್ಲಿ ಇದು ಚಾಲ್ತಿಗೆ ಬಂತು. ಬೋಯಿಂಗ್ ಕಂಪನಿಯ ಎಂಜಿನಿಯರಾಗಿದ್ದ ಜೆರ್ರಿ ವಿಟ್‌ಫೀಲ್ಡ್ 80ರ ದಶಕದಲ್ಲಿ ಮನೆ ಬೆಚ್ಚಗಿಡುವ ಪೆಲೆಟ್ ಒಲೆ ರೂಪಿಸಿದರು. ನಮ್ಮಲ್ಲಿ ಅದಕ್ಕೂ ಮುಂಚೆ ಇದರ ಬಡ ದಾಯಾದಿಯೊಂದಿತ್ತು. ತಗಡಿನ ಡಬ್ಬದ ನಡುವೆ ಕೊಳವೆ ನಿಲ್ಲಿಸಿ, ಸುತ್ತ ಸಾಮಿಲ್ಲಿನ ಹೊಟ್ಟು ಬಡಿದು ತುಂಬಿ, ಕೊಳವೆ ಎಳೆದು ಹೊತ್ತಿಸುವ ಹೊಟ್ಟಿನ ಒಲೆ. ಹಾಸ್ಟೆಲು, ಮೆಸ್ಸುಗಳಲ್ಲಿ ತಾಸುಗಟ್ಟಲೆ ಉರಿಯುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ಅದು ಕುಮುಲಿದರೆ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮೈಸೂರು ಸೀಮೆಯ ಬಸ್ಸುಗಳು ಓಡಿದ್ದು ಇದೇ ಅನಿಲದ ಬಲದಲ್ಲಿ, ಹಿಂದೆ ಕಟ್ಟಿದ ಇದ್ದಿಲು ಕುಲುಮೆಯಿಂದ.

2006ರಲ್ಲಿ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಅವರ ತಂಡದ ವಿನ್ಯಾಸವನ್ನು ಇಟ್ಟುಕೊಂಡು ಬಿಪಿ ಎಂಬ ತೈಲ ಕಂಪನಿ 'ಊರ್ಜಾ' ಒಲೆ ತಂದಿತು. ಸುಮಾರು 600 ಗ್ರಾಂ ಪೆಲೆಟ್ ತುಂಬಿ, ಮೇಲಿನಿಂದ ಹೊತ್ತಿಸಿ, ಬ್ಯಾಟರಿಯ ಸಣ್ಣ ಫ್ಯಾನ್ ಹಾಕಿದರೆ ಒಂದು ಗಂಟೆಯ ಆಸುಪಾಸು ಗ್ಯಾಸಿನಂಥ ಉರಿ. ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡುಗಳಲ್ಲಿ ಸುಮಾರು 4 ಲಕ್ಷ ಒಲೆ ಮಾರಾಟವಾದವು. ಹೊಗೆ ಇಲ್ಲ, ಸೌದೆ ಸೀಳುವುದಿಲ್ಲ. ಆದರೆ ಎತ್ತರದ ಸಣ್ಣ ಒಲೆ. ಮುದ್ದೆ ತೊಳಸಲು ಪಾತ್ರೆಯನ್ನು ನೆಲಕ್ಕೆ ಇಳಿಸಿಕೊಳ್ಳಬೇಕು. ಅಡುಗೆ ಬೇಗ ಮುಗಿದರೂ ಉರಿ ನಿಲ್ಲದು, ಮುಗಿಯದಿದ್ದರೆ ನಡುವೆ ಪೆಲೆಟ್ ಸುರಿಯಲಾಗದು. ಇವೆಲ್ಲಕ್ಕೂ ಹೆಂಗಸರು ಒಗ್ಗಿಕೊಳ್ಳುತ್ತಿದ್ದರು. ಒಗ್ಗದೆ ಹೋದದ್ದು ಪೆಲೆಟ್ ಬೆಲೆ. ಹೊಟ್ಟಿಗೂ ಕಬ್ಬಿನ ಸಿಪ್ಪೆಗೂ ಕಾರ್ಖಾನೆಯ ಬಾಯ್ಲರುಗಳು ಗಿರಾಕಿಯಾದ ಮೇಲೆ ಕಚ್ಚಾಮಾಲು ತುಟ್ಟಿಯಾಯಿತು, ಸಾಗಾಣಿಕೆ ಖರ್ಚೂ ಏರಿತು. ಬಿಪಿ ಹಿಂದೆ ಸರಿಯಿತು, ವ್ಯವಹಾರ ವಹಿಸಿಕೊಂಡ ಕಂಪನಿ ಹೋಟೆಲು, ಕಾರ್ಖಾನೆಗಳತ್ತ ತಿರುಗಿತು. 2016ರಲ್ಲಿ ಕೇಂದ್ರದ ಉಜ್ವಲಾ ಯೋಜನೆ, ಮರುವರ್ಷ ರಾಜ್ಯದ ಅನಿಲ ಭಾಗ್ಯ ಬಂದು ಸಿಲಿಂಡರು ಹಳ್ಳಿ ಸೇರಿತು.

ಈಗ ನಮ್ಮಣ್ಣನ ಮಗ ಜೋಗಿಮಟ್ಟಿ ಕಡೆಯ ಹೊಲದಲ್ಲಿ ಒಂದಂಕಣದ ಮನೆ ಕಟ್ಟಿಸುತ್ತಿದ್ದಾನೆ. ಮೊಬೈಲಿನಲ್ಲಿ ಚಿತ್ರ ತೋರಿಸಿದ: ಗೋಡೆಗೆ ತಗಲಿಸುವ ಪುಟ್ಟ ಪೆಲೆಟ್ ಒಲೆ, ದೋಣಿಮನೆ, ವ್ಯಾನುಗಳಿಗೆ ಹೇಳಿ ಮಾಡಿಸಿದ್ದು. "ಅತ್ತೆ, ನೆಲದ ಜಾಗ ಉಳಿಯುತ್ತೆ, ಮೇಲೆ ಒಂದು ಪಾತ್ರೇನೂ ಇಡಬಹುದು" ಎಂದ.

ಮೊದಲು ಗೋಡೆ ನೋಡಬೇಕು. ಮಣ್ಣಿನ ಗೋಡೆ ಸುಡುವುದಿಲ್ಲ, ಆದರೆ ಮೊಳೆ ಹಿಡಿಯುವುದಿಲ್ಲ. ಕಬ್ಬಿಣದ ಒಲೆ, ತುಂಬಿದ ಪೆಲೆಟ್ ಎರಡರ ಭಾರಕ್ಕೆ ಗೋಡೆಯ ಆಚೆ ಬದಿಗೆ ಪಟ್ಟಿ ಕೊಟ್ಟು ಬೋಲ್ಟ್ ಬಿಗಿಯಬೇಕು. ಟೊಳ್ಳು ಬ್ಲಾಕಿನ ಗೋಡೆಗೂ ಅದೇ ಮಾತು. ಪ್ಲೈವುಡ್ ಹೊದಿಸಿದ ಗೋಡೆಯಾದರೆ ಬೇಡವೇ ಬೇಡ. ದಿನವೂ ಕಾದ ಮರ ಕ್ರಮೇಣ ಕಡಿಮೆ ಬಿಸಿಗೇ ಹೊತ್ತಿಕೊಳ್ಳುವ ಹದಕ್ಕೆ ಬರುತ್ತದೆ. ಎರಡನೆಯದು ಹೊಗೆಯ ತೂತು. ಇಂಥ ಒಲೆಗಳ ಕೊಳವೆಯನ್ನು ಬಹಳ ಮಂದಿ ನೇರ ಗೋಡೆಯಿಂದಾಚೆ ಅಡ್ಡಡ್ಡ ಬಿಡುತ್ತಾರೆ. ನಮ್ಮ ಆಷಾಢದ ಗಾಳಿಗೆ ಎದುರಾಗಿ ಆ ತೂತು ಬಿದ್ದರೆ ರಾತ್ರಿ ಮಲಗಿದವರು ಬೆಳಗ್ಗೆ ಏಳುವ ಭರವಸೆ ನಾನು ಕೊಡಲಾರೆ. ಫ್ಯಾನಿನ ಒಲೆಯಾದರೆ ಕರೆಂಟು ಹೋದ ಗಳಿಗೆಯಲ್ಲೇ ಹೊಗೆ ಒಳಗೆ ನಿಲ್ಲುತ್ತದೆ, ಕರೆಂಟು ಹೋಗದ ಹಳ್ಳಿ ನನಗೆ ಗೊತ್ತಿಲ್ಲ. ಫ್ಯಾನಿಲ್ಲದ್ದಾದರೆ ಕೊಳವೆ ನೆಟ್ಟಗೆ ಎತ್ತರಕ್ಕೆ ಹೋಗಲೇಬೇಕು, ಉರಿ ಹಿಮ್ಮುಖವಾಗಿ ಪೆಲೆಟ್ ಡಬ್ಬಕ್ಕೆ ಏರದಂತೆ ಅದರ ಮುಚ್ಚಳ ಬಿಗಿಯಾಗಿರಬೇಕು. ಪೆಲೆಟ್ ಚೀಲಕ್ಕೆ ಮಳೆಗಾಲದ ತಂಡಿ ತಗುಲಿದರೆ ಅದು ಉಬ್ಬಿ ಮತ್ತೆ ಹೊಟ್ಟೇ ಆಗುತ್ತದೆ.

ಇಷ್ಟೆಲ್ಲ ಮಾಡಿ ಬೆಚ್ಚಗೆ ಮಾಡಿಕೊಳ್ಳುವ ಚಳಿಯಾದರೂ ದುರ್ಗದಲ್ಲಿ ಎಲ್ಲಿದೆ? ಮಾಗಿಯ ನಾಲ್ಕು ವಾರಕ್ಕೆ ಒಂದು ಕಂಬಳಿ ಸಾಕು. ಅಡುಗೆಗಂತೂ ಅದು ಆಗದು. ಗೋಡೆಗೆ ನೇತುಬಿದ್ದ ಒಲೆಯ ಮೇಲೆ ಮುದ್ದೆ ತೊಳಸಿದರೆ ಒಲೆಯೇ ಕೈಗೆ ಬರುತ್ತದೆ.

ಹಾಗಾಗಿ ನಾನು ಅವನಿಗೆ ಹೇಳಿದ್ದು: ಪೆಲೆಟ್ ಉರಿಸುವ ಆಸೆಯಿದ್ದರೆ ಬಚ್ಚಲ ಹೊರಗೋಡೆಗೆ ಹಂಡೆ ಒಲೆ ಹಾಕಿಸು. ಬಾಯಿ ಬಯಲಿಗಿರಲಿ, ಕೊಳವೆ ಮಾಳಿಗೆಗಿಂತ ಮೇಲಿರಲಿ, ತುದಿಗೆ ಟೋಪಿಯಿರಲಿ, ತಿಂಗಳಿಗೊಮ್ಮೆ ಮಸಿ ತೆಗೆ. ಸ್ನಾನದ ನೀರಿಗೆ ಸಿಲಿಂಡರೂ ಬೇಡ, ಗೀಸರೂ ಬೇಡ. ಅವನು ಒಪ್ಪಿದ, ಆದರೆ ಪೆಲೆಟ್ ಎಲ್ಲಿ ಸಿಗುತ್ತೆ ಎಂದ. ಎಣ್ಣೆಗೆ ಹೆಸರಾದ ಚಳ್ಳಕೆರೆ ನಮ್ಮ ಜಿಲ್ಲೆಯದೇ, ಶೇಂಗಾ ಹೊಟ್ಟಿಗೆ ಬರವಿಲ್ಲ. ಮನೆಬಳಕೆಗೆಂದು ಸಣ್ಣ ಚೀಲಗಳಲ್ಲಿ ಪೆಲೆಟ್ ಮಾರುವವರು ಈ ಕಡೆ ಯಾರಾದರೂ ಇದ್ದರೆ, ಅಥವಾ ಒಂದು ಮಿಷನ್ನು ಹಾಕುವ ಯೋಚನೆ ಯಾರಿಗಾದರೂ ಬಂದರೆ, ದಯವಿಟ್ಟು ತಿಳಿಸಿ. ಮೊದಲ ಗಿರಾಕಿ ಸಿದ್ಧನಿದ್ದಾನೆ.